ಅನಿಲ ನಿಯಮಗಳ ಲೆಕ್ಕ: ಸೂತ್ರಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ದಾವಣಗೆರೆಯಲ್ಲಿ ಬೆಳಗಿನ ಜಾವ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಒಂದು ಕಾರಿನ ಟೈರಿಗೆ 32 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಮಾನ) ಗಾಳಿ ಹೊಡೆಸಲಾಗಿದೆ. ಕಾರು ಭರಮಸಾಗರದ ಮೇಲೆ ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೆ ಹೋಗಿ, ಮಧ್ಯಾಹ್ನದ ಬಿಸಿಲಿನಲ್ಲಿ ದಾವಣಗೆರೆಗೆ ಮರಳುವ ಹೊತ್ತಿಗೆ ಟೈರಿನೊಳಗಿನ ಗಾಳಿಯ ತಾಪಮಾನ 55 ಡಿಗ್ರಿಗೆ ಏರಿದೆ. ಟೈರು ಉಬ್ಬಿಲ್ಲ, ಗಾಳಿ ಸೋರಿಲ್ಲ ಎಂದಿಟ್ಟುಕೊಂಡರೆ, ಅದೇ ಪಂಕ್ಚರ್ ಅಂಗಡಿಯ ಮಾಪಕ ಈಗ ಎಷ್ಟು ತೋರಿಸುತ್ತದೆ?

ಅನಿಲ ನಿಯಮಗಳ ಪಾಠ ಮುಗಿದ ಮೇಲೆ ನಾನು ವಿದ್ಯಾರ್ಥಿಗಳಿಗೆ ಕೊಡುವ ಲೆಕ್ಕ ಇದು. ಬರುವ ಉತ್ತರಗಳು ಬಹುಮಟ್ಟಿಗೆ ಮೂರೇ: 88, 35.8, ಮತ್ತು ಅಪರೂಪಕ್ಕೊಮ್ಮೆ 37.5. ಮೂವರೂ ಬಳಸಿರುವುದು ಒಂದೇ ಸೂತ್ರ, ಗುಣಾಕಾರ ಭಾಗಾಕಾರಗಳಲ್ಲಿಯೂ ಯಾರೂ ಎಡವಿರುವುದಿಲ್ಲ. ಆದರೂ ಮೊದಲೆರಡು ಉತ್ತರಗಳು ತಪ್ಪು. ಈ ಅಧ್ಯಾಯದಲ್ಲಿ ಸೂತ್ರ ಮರೆತು ಅಂಕ ಕಳೆದುಕೊಳ್ಳುವವರು ಕಡಿಮೆ. ಸೂತ್ರದೊಳಗೆ ಯಾವ ಸಂಖ್ಯೆಯನ್ನು ಇಡಬೇಕೆಂದು ಯೋಚಿಸದೆ ಕಳೆದುಕೊಳ್ಳುವವರೇ ಹೆಚ್ಚು. ಐಸಿಎಸ್‌ಇ ಒಂಬತ್ತನೆಯ ತರಗತಿಯ ರಸಾಯನಶಾಸ್ತ್ರದಲ್ಲಿ ಈ ಲೆಕ್ಕಗಳಿಗೆಂದೇ ಒಂದು ಅಧ್ಯಾಯವಿದೆ. ಪಿಯುಸಿಯಲ್ಲಿ ಭೌತಶಾಸ್ತ್ರದ ಅನಿಲಗಳ ಚಲನ ಸಿದ್ಧಾಂತದಲ್ಲಿಯೂ, ರಸಾಯನಶಾಸ್ತ್ರದ ಸಮತೋಲನದ ಲೆಕ್ಕಗಳಲ್ಲಿಯೂ ಇದೇ ನಿಯಮಗಳು ಮತ್ತೆ ಬರುತ್ತವೆ. ಆದ್ದರಿಂದ ಒಮ್ಮೆ ಬುಡದಿಂದ ತಿಳಿದುಕೊಂಡರೆ ಆ ಶ್ರಮ ವ್ಯರ್ಥವಾಗುವುದಿಲ್ಲ.

ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ “ಸರ್, ಇದಕ್ಕೆ ಯಾವ ಫಾರ್ಮುಲಾ?” ಎಂಬುದು. ಬಾಯ್ಲ್, ಚಾರ್ಲ್ಸ್, ಗೇ-ಲುಸಾಕ್, ಅವೊಗಾಡ್ರೊ ಎಂದು ನಾಲ್ಕು ನಿಯಮಗಳ ಹೆಸರುಗಳನ್ನು ನಾಲ್ಕು ಡಬ್ಬಿಗಳಂತೆ ಸಾಲಾಗಿ ಜೋಡಿಸಿಟ್ಟುಕೊಂಡು, ಎದುರಿಗಿರುವ ಲೆಕ್ಕ ಯಾವ ಡಬ್ಬಿಯದು ಎಂದು ಹುಡುಕುವ ಅಭ್ಯಾಸ ನಮ್ಮ ಪಾಠಕ್ರಮದಿಂದಲೇ ಬಂದದ್ದು. ಅದರ ಬದಲು ‘ಈ ಕಥೆಯಲ್ಲಿ ಯಾವುದು ಬದಲಾಗಿಲ್ಲ?’ ಎಂದು ಕೇಳಿಕೊಳ್ಳುವುದು ಹೆಚ್ಚು ಫಲಕಾರಿ. ಯಾವುದೇ ಅನಿಲದ ಸ್ಥಿತಿಯನ್ನು ಹೇಳಲು ನಾಲ್ಕು ಸಂಗತಿಗಳು ಸಾಕು: ಒತ್ತಡ (ಪಿ), ಗಾತ್ರ (ವಿ), ಮೋಲ್‌ಗಳ ಸಂಖ್ಯೆ, ಅಂದರೆ ಅನಿಲದ ಕಣಗಳು ಎಷ್ಟಿವೆ ಎಂಬ ಎಣಿಕೆ (ಎನ್), ಮತ್ತು ತಾಪಮಾನ (ಟಿ). ಒತ್ತಡವನ್ನು ಗಾತ್ರದಿಂದ ಗುಣಿಸಿ, ಬಂದದ್ದನ್ನು ಮೋಲ್‌ಗಳ ಸಂಖ್ಯೆಯಿಂದಲೂ ಕೆಲ್ವಿನ್ ತಾಪಮಾನದಿಂದಲೂ (ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದರೆ ಬರುವುದು) ಭಾಗಿಸಿದರೆ ಆದರ್ಶ ಅನಿಲಕ್ಕೆ, ಅಂದರೆ ಈ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವ ಕಲ್ಪಿತ ಅನಿಲಕ್ಕೆ, ಯಾವಾಗಲೂ ಒಂದೇ ಸಂಖ್ಯೆ ಬರುತ್ತದೆ; ಆ ಸಂಖ್ಯೆಯೇ ಅನಿಲ ಸ್ಥಿರಾಂಕವಾದ ‘ಆರ್’. ಮೊದಲ ಸ್ಥಿತಿಗೂ ಎರಡನೆಯ ಸ್ಥಿತಿಗೂ ಇದನ್ನು ಬರೆದು ಸಮೀಕರಿಸಿದರೆ,

ಪಿ₁ × ವಿ₁ ÷ (ಎನ್₁ × ಟಿ₁) = ಪಿ₂ × ವಿ₂ ÷ (ಎನ್₂ × ಟಿ₂)

ಎಂದಾಗುತ್ತದೆ. ಬದಲಾಗದಿರುವುದನ್ನು ಎರಡೂ ಕಡೆ ಹೊಡೆದುಹಾಕಿದರೆ ಉಳಿಯುವುದೇ ಆ ಲೆಕ್ಕಕ್ಕೆ ಬೇಕಾದ ಸೂತ್ರ. ತಾಪಮಾನ ಮತ್ತು ಮೋಲ್ ಹೊಡೆದುಹೋದರೆ ಬಾಯ್ಲ್, ಒತ್ತಡ ಮತ್ತು ಮೋಲ್ ಹೊಡೆದುಹೋದರೆ ಚಾರ್ಲ್ಸ್. ಹೆಸರು ನೆನಪಾಗದಿದ್ದರೂ ಉತ್ತರ ಬರುತ್ತದೆ.

ಈ ಕ್ರಮದ ಲಾಭ ತಿಳಿಯುವುದು ಹೆಸರಿಲ್ಲದ ಲೆಕ್ಕಗಳಲ್ಲಿ. ಬಾಯಿ ತೆರೆದ ಒಂದು ಗಾಜಿನ ಫ್ಲಾಸ್ಕನ್ನು 27 ಡಿಗ್ರಿಯಿಂದ 87 ಡಿಗ್ರಿಗೆ ಕಾಯಿಸಿದರೆ ಅದರಲ್ಲಿದ್ದ ಗಾಳಿಯ ಎಷ್ಟು ಭಾಗ ಹೊರಗೆ ಹೋಗುತ್ತದೆ ಎಂದು ಕೇಳಿದಾಗ ಡಬ್ಬಿ ಹುಡುಕುವವರು ಚಾರ್ಲ್ಸ್ ನಿಯಮ ಹಿಡಿದು ಗಾತ್ರದ ಹಿಂದೆ ಓಡುತ್ತಾರೆ. ಆದರೆ ಫ್ಲಾಸ್ಕಿನ ಗಾತ್ರ ಬದಲಾಗದು. ಬಾಯಿ ತೆರೆದಿರುವುದರಿಂದ ಒತ್ತಡವೂ ಹೊರಗಿನಷ್ಟೇ ಇರುತ್ತದೆ. ಉಳಿದವು ಮೋಲ್ ಮತ್ತು ತಾಪಮಾನ ಮಾತ್ರ, ಅವುಗಳ ಗುಣಲಬ್ಧ ಸ್ಥಿರ. ತಾಪಮಾನ 300 ಕೆಲ್ವಿನ್‌ನಿಂದ 360ಕ್ಕೆ ಏರಿದಾಗ ಮೋಲ್‌ಗಳು ಆರರಲ್ಲಿ ಐದು ಭಾಗಕ್ಕೆ ಇಳಿಯುತ್ತವೆ, ಅಂದರೆ ಆರನೆಯ ಒಂದು ಭಾಗ ಗಾಳಿ ಹೊರಬಿದ್ದಿದೆ.

ಇನ್ನೊಂದು ಎಡವುವ ಜಾಗ ರಸಾಯನಶಾಸ್ತ್ರದ್ದಲ್ಲ, ಭಾಷೆಯದು. ಕನ್ನಡದಲ್ಲಿ ಬರೆದ ಲೆಕ್ಕದಲ್ಲಿ ಉತ್ತರವನ್ನು ನಿರ್ಧರಿಸುವುದು ಅನೇಕ ಸಲ ಪದದ ಕೊನೆಯಲ್ಲಿ ಅಂಟಿರುವ ಪ್ರತ್ಯಯ. 2 ಬಾರ್ ಒತ್ತಡದಲ್ಲಿ 6 ಲೀಟರ್ ಗಾತ್ರವಿರುವ ಅನಿಲವನ್ನು ತೆಗೆದುಕೊಳ್ಳಿ, ತಾಪಮಾನ ಸ್ಥಿರವಾಗಿರಲಿ. ಒತ್ತಡವನ್ನು ‘3 ಬಾರ್‌ಗೆ’ ಏರಿಸಿದರೆ ಗಾತ್ರ 4 ಲೀಟರ್. ‘3 ಬಾರ್‌ನಷ್ಟು’ ಏರಿಸಿದರೆ ಒತ್ತಡ 5 ಬಾರ್ ಆಗುವುದರಿಂದ ಗಾತ್ರ 2.4 ಲೀಟರ್. ‘ಮೂರು ಪಟ್ಟು’ ಮಾಡಿದರೆ ಒತ್ತಡ 6 ಬಾರ್, ಗಾತ್ರ 2 ಲೀಟರ್. ಮೂರೂ ವಾಕ್ಯಗಳಲ್ಲಿ ಕಾಣುವ ಅಂಕಿ ಮೂರೇ. ಉತ್ತರಗಳು ಮಾತ್ರ ಬೇರೆ ಬೇರೆ. ‘ಮೂರನೆಯ ಒಂದು ಭಾಗಕ್ಕೆ ಇಳಿದರೆ’ ಮತ್ತು ‘ಮೂರನೆಯ ಒಂದು ಭಾಗದಷ್ಟು ಇಳಿದರೆ’ ಎಂಬ ಮಾತುಗಳ ನಡುವೆಯೂ ಇಷ್ಟೇ ಅಂತರವಿದೆ: ಮೊದಲನೆಯದರಲ್ಲಿ ಉಳಿದಿರುವುದು ಒಂದು ಪಾಲು, ಎರಡನೆಯದರಲ್ಲಿ ಎರಡು ಪಾಲು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷ್ ಪ್ರಶ್ನೆಪತ್ರಿಕೆ ಎದುರಿಸುವ ಮಕ್ಕಳಿಗೆ, ಅಲ್ಲಿನ ‘ಟು’, ‘ಬೈ’ಗಳಂತಹ ಪುಟ್ಟ ಉಪಸರ್ಗಗಳಿಗೆ ಸಮನಾದದ್ದು ನಮ್ಮ ಈ ವಿಭಕ್ತಿ ಪ್ರತ್ಯಯಗಳೇ ಎಂದು ಹೇಳಿಕೊಟ್ಟರೆ ಸಾಕು, ವ್ಯಾಕರಣದ ಪಾಠ ಅನಿರೀಕ್ಷಿತವಾಗಿ ರಸಾಯನಶಾಸ್ತ್ರಕ್ಕೆ ಒದಗಿಬರುತ್ತದೆ.

ಈಗ ಟೈರಿನ ಲೆಕ್ಕಕ್ಕೆ ಬರೋಣ. 88 ಪಿಎಸ್‌ಐ ಎಂದು ಬರೆದವರು 32ನ್ನು 55ರಿಂದ ಗುಣಿಸಿ 20ರಿಂದ ಭಾಗಿಸಿದ್ದಾರೆ. ನಿಜಕ್ಕೂ ಹಾಗಾಗುವುದಾದರೆ ನಮ್ಮ ಏಪ್ರಿಲ್ ತಿಂಗಳಲ್ಲಿ ಹೆದ್ದಾರಿಯುದ್ದಕ್ಕೂ ಟೈರುಗಳು ಸಿಡಿದು ಬಿದ್ದಿರಬೇಕಾಗಿತ್ತು. ಕೆಲ್ವಿನ್‌ಗೆ ಬದಲಾಯಿಸಿಕೊಳ್ಳಬೇಕು ಎಂಬ ನಿಯಮ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಏಕೆ ಎಂಬುದು ಮನಸ್ಸಿಗೆ ಇಳಿಯದ ಕಾರಣ ಪರೀಕ್ಷೆಯ ಅವಸರದಲ್ಲಿ ಅದು ಜಾರಿಹೋಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಿಂದ 40ಕ್ಕೆ ಏರಿದಾಗ ತಾಪಮಾನ ಎರಡರಷ್ಟಾಯಿತು ಎಂದು ತೋರುತ್ತದೆ. ಅದೇ ಎರಡು ತಾಪಮಾನಗಳನ್ನು ಫ್ಯಾರನ್‌ಹೀಟ್‌ನಲ್ಲಿ ಬರೆದರೆ 68 ಮತ್ತು 104, ಅಲ್ಲಿ ಎರಡರಷ್ಟು ಆಗಿಯೇ ಇಲ್ಲ. ನಾವು ಯಾವ ಥರ್ಮಾಮೀಟರ್ ಹಿಡಿದಿದ್ದೇವೆ ಎಂಬುದು ಅನಿಲಕ್ಕೆ ಗೊತ್ತಿಲ್ಲದಿರುವಾಗ ಅದರ ಗಾತ್ರ ಯಾವ ಅನುಪಾತವನ್ನು ಅನುಸರಿಸಬೇಕು? ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಬಿಂದುವಿಗೆ ನಾವೇ ಕೊಟ್ಟುಕೊಂಡ ಹೆಸರು, ತಾಪಮಾನವೇ ಇಲ್ಲದ ಸ್ಥಿತಿ ಅದಲ್ಲ. ಸ್ಥಿರ ಒತ್ತಡದಲ್ಲಿ ಅನಿಲದ ಗಾತ್ರ ಪ್ರತಿ ಡಿಗ್ರಿಗೆ, ಸೊನ್ನೆ ಡಿಗ್ರಿಯಲ್ಲಿದ್ದ ಗಾತ್ರದ ಸುಮಾರು 273ನೆಯ ಒಂದು ಭಾಗದಷ್ಟು ಬದಲಾಗುತ್ತದೆ. ಆ ಗೆರೆಯನ್ನು ಕೆಳಕ್ಕೆ ಎಳೆಯುತ್ತ ಹೋದರೆ ಮೈನಸ್ 273.15 ಡಿಗ್ರಿಯಲ್ಲಿ ಗಾತ್ರ ಸೊನ್ನೆ ತಲುಪಬೇಕು. ಅಲ್ಲಿಂದ ಎಣಿಕೆ ಆರಂಭಿಸಿದರೆ ಮಾತ್ರ ‘ಎರಡರಷ್ಟು’ ಎಂಬ ಮಾತಿಗೆ ಅರ್ಥ ಬರುತ್ತದೆ. ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, ನಿರಪೇಕ್ಷ ತಾಪಮಾನದ ಅಳತೆಗೋಲನ್ನು ಪ್ರತಿಪಾದಿಸಿದ್ದು 1848ರಲ್ಲಿ. ಚಾರ್ಲ್ಸ್ ಪ್ರಯೋಗ ಮಾಡಿದ್ದು ಅದಕ್ಕೂ ಅರವತ್ತು ವರ್ಷ ಮೊದಲು, ಸುಮಾರು 1787ರಲ್ಲಿ. ಚಾರ್ಲ್ಸ್ ಅದನ್ನು ಪ್ರಕಟಿಸಲಿಲ್ಲ. 1802ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದ ಗೇ-ಲುಸಾಕ್ ಹಿಂದಿನವನ ಹೆಸರು ಹೇಳಿದ್ದರಿಂದಲೇ ಆ ನಿಯಮಕ್ಕೆ ಇಂದಿಗೂ ಚಾರ್ಲ್ಸ್‌ನ ಹೆಸರಿದೆ.

ಕೆಲ್ವಿನ್‌ಗೆ ಬದಲಾಯಿಸಿದವರ ಲೆಕ್ಕ 32 × 328 ÷ 293, ಅಂದರೆ 35.8. ಇಲ್ಲಿ ತಾಪಮಾನ ಸರಿಯಾಗಿದೆ, ಒತ್ತಡ ಸರಿಯಾಗಿಲ್ಲ. ಸೆಲ್ಸಿಯಸ್‌ನ ಸೊನ್ನೆಯಲ್ಲಿ ಆದ ಮೋಸವೇ ಮಾಪಕದ ಸೊನ್ನೆಯಲ್ಲಿಯೂ ಆಗಿದೆ. ಪೂರ್ತಿ ಚಪ್ಪಟೆಯಾದ ಟೈರಿಗೆ ಮಾಪಕ ಹಿಡಿದರೆ ಅದು ಸೊನ್ನೆ ತೋರಿಸುತ್ತದೆ, ಆದರೆ ಆ ಟೈರಿನೊಳಗೆ ಗಾಳಿಯೇ ಇಲ್ಲವೆಂದಲ್ಲ. ಹೊರಗಿರುವಷ್ಟೇ ಒತ್ತಡದ ಗಾಳಿ ಅಲ್ಲಿಯೂ ಇದೆ. ಮಾಪಕ ತೋರಿಸುವುದು ಹೊರಗಿನ ಒತ್ತಡಕ್ಕಿಂತ ಒಳಗಿನದು ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ. ಸೂತ್ರಕ್ಕೆ ಬೇಕಾದದ್ದು ಪೂರ್ತಿ ಒತ್ತಡ.

ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ಕೋಷ್ಟಕವನ್ನು ನೋಡಿದರೆ ಈ ಮಾತು ಚೆನ್ನಾಗಿ ಮನದಟ್ಟಾಗುತ್ತದೆ. ಇಂಗ್ಲಿಷಿನ ‘ಜೆ’ ಅಕ್ಷರದಂತೆ ಬಾಗಿದ ಗಾಜಿನ ಕೊಳವೆಯ ಮುಚ್ಚಿದ ತುದಿಯಲ್ಲಿ ಗಾಳಿಯನ್ನು ಸೆರೆಹಿಡಿದು, ತೆರೆದ ತುದಿಯಿಂದ ಪಾದರಸ ಸುರಿಯುತ್ತ ಅವನು ಅಳತೆಗಳನ್ನು ಬರೆದುಕೊಂಡ. ಆರಂಭದಲ್ಲಿ ಗಾಳಿಯ ಗಾತ್ರ 48 ಮಾನ. ಅದು 24 ಮಾನಕ್ಕೆ ಇಳಿದಾಗ ಎರಡು ಭುಜಗಳ ಪಾದರಸದ ಮಟ್ಟಗಳ ನಡುವಿನ ಅಂತರ 29.69 ಅಂಗುಲ, 12 ಮಾನಕ್ಕೆ ಇಳಿದಾಗ 88.44 ಅಂಗುಲ. ಇವನ್ನೇ ನೇರವಾಗಿ ಗುಣಿಸಿದರೆ ಮೊದಲನೆಯದಕ್ಕೆ ಸುಮಾರು 713, ಎರಡನೆಯದಕ್ಕೆ 1061 ಬರುತ್ತದೆ, ಯಾವ ನಿಯಮವೂ ಕಾಣುವುದಿಲ್ಲ. ಪ್ರತಿಯೊಂದಕ್ಕೂ ಅವನು ಆ ದಿನದ ವಾಯುಭಾರವಾದ 29.125 ಅಂಗುಲವನ್ನು ಕೂಡಿಸಿದ. ಆಗ ಗುಣಲಬ್ಧಗಳು 1398, 1411.5, 1410.75 ಎಂದು ಒಂದರ ಪಕ್ಕ ಒಂದು ಬಂದು ನಿಂತವು. ವಾತಾವರಣದ ಒತ್ತಡವನ್ನು ಕೂಡಿಸದಿದ್ದರೆ ಬಾಯ್ಲ್‌ನ ನಿಯಮ ಬಾಯ್ಲ್‌ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಹಾಗಾದರೆ ನಮ್ಮ ಟೈರಿನ ಲೆಕ್ಕದಲ್ಲಿ ಎಷ್ಟನ್ನು ಕೂಡಿಸಬೇಕು? ಪುಸ್ತಕಗಳು 14.7 ಪಿಎಸ್‌ಐ ಅಥವಾ 760 ಮಿಲಿಮೀಟರ್ ಪಾದರಸ ಎನ್ನುತ್ತವೆ. ಅದು ಸಮುದ್ರಮಟ್ಟದ ಲೆಕ್ಕ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಸುಮಾರು 730 ಮೀಟರ್. ಸಾಮಾನ್ಯ ವಾತಾವರಣದ ಲೆಕ್ಕದಂತೆ ದಾವಣಗೆರೆಯಲ್ಲಿ ವಾಯುಭಾರ ಸುಮಾರು 0.943 ಬಾರ್, ಅಂದರೆ 707 ಮಿಲಿಮೀಟರ್ ಪಾದರಸ. ಚಿತ್ರದುರ್ಗದಲ್ಲಿ ಇನ್ನೂ ಹತ್ತು ಹನ್ನೊಂದು ಮಿಲಿಮೀಟರ್ ಕಡಿಮೆ. ಮೊಬೈಲಿನ ಹವಾಮಾನ ಸೂಚನೆಯಲ್ಲಿ 1010 ಮಿಲಿಬಾರ್ ಎಂಬಂತಹ ಅಂಕಿ ಕಂಡರೆ ಅದನ್ನು ತಂದು ಲೆಕ್ಕಕ್ಕೆ ಹಾಕಬಾರದು. ಊರುಗಳನ್ನು ಹೋಲಿಸಲು ಅನುಕೂಲವಾಗಲೆಂದು ಅದನ್ನು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿರುತ್ತಾರೆ. ದಾವಣಗೆರೆಯ 0.943 ಬಾರ್ ಎಂದರೆ 13.7 ಪಿಎಸ್‌ಐ. ಟೈರಿನೊಳಗಿನ ಪೂರ್ತಿ ಒತ್ತಡ 32 + 13.7 = 45.7. ಅದನ್ನು 328 ÷ 293ರಿಂದ ಗುಣಿಸಿದರೆ 51.2. ಮಾಪಕಕ್ಕೆ ಮರಳಬೇಕಾದ್ದರಿಂದ 13.7ನ್ನು ಮತ್ತೆ ಕಳೆದರೆ 37.5 ಪಿಎಸ್‌ಐ. ಬಿಸಿಯಾದ ಟೈರಿನ ಗಾಳಿಯನ್ನು ಅಳೆದು ‘ಜಾಸ್ತಿಯಾಗಿದೆ’ ಎಂದು ಬಿಡಿಸಬಾರದು, ತಣ್ಣಗಿರುವಾಗಲೇ ಅಳೆಯಬೇಕು ಎಂದು ವಾಹನದ ಕೈಪಿಡಿಗಳು ಹೇಳುವುದು ಈ ಐದೂವರೆ ಪಿಎಸ್‌ಐ ಕಾರಣಕ್ಕೆ.

ಮಾನಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಎರಡು ಸ್ಥಿತಿಗಳ ಹೋಲಿಕೆಯಾದರೆ ಒತ್ತಡ ಪಿಎಸ್‌ಐ ಆಗಿರಲಿ, ಪಾದರಸದ ಮಿಲಿಮೀಟರ್ ಆಗಿರಲಿ, ಎರಡೂ ಕಡೆ ಒಂದೇ ಆಗಿದ್ದರೆ ಹೊಡೆದುಹೋಗುತ್ತದೆ. ‘ಆರ್’ ಬಳಸುವ ಲೆಕ್ಕದಲ್ಲಿ ಮಾತ್ರ ಅದರ ಬೆಲೆಗೂ ಮಾನಕ್ಕೂ ಹೊಂದಾಣಿಕೆ ಬೇಕು: ಲೀಟರ್ ಮತ್ತು ಅಟ್ಮಾಸ್ಫಿಯರ್‌ಗೆ 0.0821, ಲೀಟರ್ ಮತ್ತು ಬಾರ್‌ಗೆ 0.0831, ಘನಮೀಟರ್ ಮತ್ತು ಪ್ಯಾಸ್ಕಲ್‌ಗೆ 8.314. ಒಂದು ಮೋಲ್ ಅನಿಲದ ಗಾತ್ರ ಒಂದು ಪುಸ್ತಕದಲ್ಲಿ 22.4 ಲೀಟರ್ ಎಂದೂ ಇನ್ನೊಂದರಲ್ಲಿ 22.7 ಎಂದೂ ಇರುವುದನ್ನು ಕಂಡು ಗಲಿಬಿಲಿಗೊಳ್ಳುವವರಿದ್ದಾರೆ. ಎರಡೂ ಸರಿ. ಮೊದಲನೆಯದು ಒಂದು ಅಟ್ಮಾಸ್ಫಿಯರ್ ಒತ್ತಡಕ್ಕೆ, ಎರಡನೆಯದು 1982ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಶಿಫಾರಸು ಮಾಡಿದ ಒಂದು ಬಾರ್ ಒತ್ತಡಕ್ಕೆ. ತಾಪಮಾನ ಎರಡಕ್ಕೂ ಸೊನ್ನೆ ಡಿಗ್ರಿ ಸೆಲ್ಸಿಯಸ್. ಪ್ರಶ್ನೆ ಯಾವುದನ್ನು ಹಿಡಿದಿದೆ ಎಂದು ನೋಡಿಕೊಂಡರೆ ಆಯಿತು.

ಇಷ್ಟೂ ಎಚ್ಚರಗಳು ಒಟ್ಟಿಗೆ ಬೇಕಾಗುವುದು ಪ್ರಯೋಗಾಲಯದ ಲೆಕ್ಕದಲ್ಲಿ. ಮೆಗ್ನೀಸಿಯಂ ಪಟ್ಟಿಯ ಒಂದು ತುಂಡನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಬಿಡುಗಡೆಯಾದ ಹೈಡ್ರೋಜನ್ನನ್ನು ನೀರಿನ ಮೇಲೆ ಅಳತೆಯ ಕೊಳವೆಯಲ್ಲಿ ಸಂಗ್ರಹಿಸಿದ್ದೇವೆ ಎನ್ನೋಣ. ಒಳಗಿನ ಮತ್ತು ಹೊರಗಿನ ನೀರಿನ ಮಟ್ಟ ಸಮ ಮಾಡಿ ನೋಡಿದಾಗ ಗಾತ್ರ 50 ಮಿಲಿಲೀಟರ್, ತಾಪಮಾನ 27 ಡಿಗ್ರಿ, ವಾಯುಭಾರ ದಾವಣಗೆರೆಯ 707 ಮಿಲಿಮೀಟರ್. ಕರಗಿದ ಮೆಗ್ನೀಸಿಯಂ ಎಷ್ಟು?

ಮಟ್ಟ ಸಮ ಮಾಡಿರುವುದರಿಂದ ಕೊಳವೆಯೊಳಗಿನ ಒಟ್ಟು ಒತ್ತಡ ಹೊರಗಿನಷ್ಟೇ, 707. ಆದರೆ ಒಳಗಿರುವುದು ಬರೀ ಹೈಡ್ರೋಜನ್ ಅಲ್ಲ. ನೀರಿನ ಮೇಲೆ ಹಿಡಿದ ಅನಿಲದಲ್ಲಿ ನೀರಾವಿ ಬೆರೆತಿರುತ್ತದೆ, 27 ಡಿಗ್ರಿಯಲ್ಲಿ ಅದರ ಪಾಲು 26.7 ಮಿಲಿಮೀಟರ್. ಡಾಲ್ಟನ್ನನ ಆಂಶಿಕ ಒತ್ತಡದ ನಿಯಮದಂತೆ ಅದನ್ನು ಕಳೆದರೆ ಹೈಡ್ರೋಜನ್ನಿನ ಒತ್ತಡ 680.3. ಒಂದು ಮೋಲ್‌ಗೆ 22.4 ಲೀಟರ್ ಎಂಬ ಲೆಕ್ಕ ಹೊಂದಬೇಕಾದರೆ ಈ ಅನಿಲವನ್ನು 760 ಮಿಲಿಮೀಟರ್ ಮತ್ತು 273 ಕೆಲ್ವಿನ್‌ಗೆ ಒಯ್ಯಬೇಕು. ಗುಣಿಸುವ ಮುನ್ನ ಒಂದು ಕ್ಷಣ ನಿಂತು ಯೋಚಿಸಿದರೆ, ಒತ್ತಡ ಏರುತ್ತಿರುವುದರಿಂದ ಗಾತ್ರ ಕುಗ್ಗಬೇಕು, ತಾಪಮಾನ ಇಳಿಯುತ್ತಿರುವುದರಿಂದ ಮತ್ತೂ ಕುಗ್ಗಬೇಕು. ಹಾಗಾಗಿ ಎರಡು ಭಿನ್ನರಾಶಿಗಳೂ ಒಂದಕ್ಕಿಂತ ಚಿಕ್ಕವಾಗಿರಬೇಕು ಎಂದು ತಾನಾಗಿಯೇ ಹೊಳೆಯುತ್ತದೆ. ಯಾವ ಸಂಖ್ಯೆ ಮೇಲೆ, ಯಾವುದು ಕೆಳಗೆ ಎಂಬ ಗೊಂದಲವನ್ನು ಬಗೆಹರಿಸಲು ನನಗೆ ತಿಳಿದಿರುವ ಅತ್ಯಂತ ಭದ್ರವಾದ ದಾರಿ ಇದು. 50 × (680.3 ÷ 760) × (273 ÷ 300) = 40.7 ಮಿಲಿಲೀಟರ್. ಇದನ್ನು 22,400ರಿಂದ ಭಾಗಿಸಿದರೆ 0.00182 ಮೋಲ್. ಒಂದು ಮೋಲ್ ಮೆಗ್ನೀಸಿಯಂ ಒಂದು ಮೋಲ್ ಹೈಡ್ರೋಜನ್ ಕೊಡುವುದರಿಂದ, ಒಂದು ಮೋಲ್ ಮೆಗ್ನೀಸಿಯಂನ ಗ್ರಾಂ ತೂಕವಾದ 24.3ರಿಂದ ಗುಣಿಸಿದರೆ ಸುಮಾರು 44 ಮಿಲಿಗ್ರಾಂ.

ಇದೇ ಲೆಕ್ಕವನ್ನು ಪುಸ್ತಕದ 760 ನಂಬಿಕೊಂಡು, ನೀರಾವಿಯನ್ನೂ ಮರೆತು ಮಾಡಿದರೆ 49 ಮಿಲಿಗ್ರಾಂ ಬರುತ್ತದೆ. ತಕ್ಕಡಿ 44 ತೋರಿಸಿದಾಗ ‘ಪ್ರಯೋಗದಲ್ಲಿ ಏನೋ ತಪ್ಪಾಗಿದೆ’ ಎಂದು ಅಂಕಿಗಳನ್ನು ತಿದ್ದಿ ಬರೆಯುವ ಚಾಳಿ ನಮ್ಮ ಪ್ರಯೋಗಾಲಯಗಳಲ್ಲಿ ಹೊಸದಲ್ಲ. ಪ್ರಯೋಗ ಸರಿಯಾಗಿಯೇ ನಡೆದಿತ್ತು. ಲೆಕ್ಕ ಮಾತ್ರ ಕಡಲತೀರದಲ್ಲಿ ಕುಳಿತು ಮಾಡಿದ್ದಾಗಿತ್ತು.

ಕೊನೆಯದಾಗಿ, ನಿಯಮವನ್ನು ಎಲ್ಲಿ ಹಚ್ಚಬಾರದು ಎಂಬುದೂ ಲೆಕ್ಕದ ಭಾಗವೇ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಒತ್ತಿಹಿಡಿದು ಜೋರಾಗಿ ಹೊಡೆದರೆ ಗಾಳಿ ಬಿಸಿಯಾಗುತ್ತದೆ. ತಾಪಮಾನವೇ ಸ್ಥಿರವಿಲ್ಲದಿರುವಾಗ ಬಾಯ್ಲ್ ನಿಯಮ ಅಲ್ಲಿ ಹೊಂದುವುದಿಲ್ಲ, ನಿಧಾನವಾಗಿ ಒತ್ತಿದರೆ ಹೆಚ್ಚುಕಡಿಮೆ ಹೊಂದುತ್ತದೆ. ಇದಕ್ಕಿಂತ ಸ್ವಾರಸ್ಯವಾದದ್ದು ಎರಡು ಸಿಲಿಂಡರುಗಳ ಹೋಲಿಕೆ. ಆಸ್ಪತ್ರೆಗಳಲ್ಲಿ ಕಾಣುವ ದೊಡ್ಡ ಆಮ್ಲಜನಕದ ಸಿಲಿಂಡರಿನ ಒಳಗಾತ್ರ 46.7 ಲೀಟರ್, ತುಂಬಿದಾಗ ಒತ್ತಡ ಸುಮಾರು 150 ಬಾರ್. ಬಾಯ್ಲ್ ನಿಯಮದಂತೆ ಒಂದು ಬಾರ್‌ನಲ್ಲಿ ಅದು 7,000 ಲೀಟರ್ ಆಗುತ್ತದೆ, ಅದನ್ನು ಏಳು ಘನಮೀಟರಿನ ಸಿಲಿಂಡರ್ ಎಂದು ಕರೆಯುವುದು ಹಾಗಾಗಿಯೇ. ಮುಳ್ಳು 75ಕ್ಕೆ ಇಳಿದಿದ್ದರೆ ಅರ್ಧ ಉಳಿದಿದೆ. ರೋಗಿಗೆ ನಿಮಿಷಕ್ಕೆ ಐದು ಲೀಟರ್ ಬೇಕಿದ್ದರೆ 700 ನಿಮಿಷ, ಅಂದರೆ ಹನ್ನೊಂದು ಗಂಟೆ ನಲವತ್ತು ನಿಮಿಷ ನಡೆಯುತ್ತದೆ. ಇಲ್ಲಿ ಮಾಪಕದ ಒತ್ತಡಕ್ಕೆ ವಾತಾವರಣದ ಒಂದು ಬಾರ್ ಕೂಡಿಸದಿದ್ದರೂ ನಡೆದೀತು: 32ರ ಪಕ್ಕದಲ್ಲಿ 13.7 ದೊಡ್ಡದು, 150ರ ಪಕ್ಕದಲ್ಲಿ ಒಂದು ಗಣನೆಗೆ ಬಾರದ್ದು. ಇಷ್ಟು ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕ ಆದರ್ಶ ಅನಿಲದಿಂದ ಸ್ವಲ್ಪ ದೂರ ಸರಿಯುತ್ತದೆ ಎಂಬುದು ನಿಜ, ವ್ಯಾನ್ ಡರ್ ವಾಲ್ಸ್ 1873ರಲ್ಲಿ ಸಮೀಕರಣವನ್ನು ತಿದ್ದಿದ್ದು ಇಂತಹ ಸಂದರ್ಭಗಳಿಗಾಗಿಯೇ. ಆದರೆ ಶಾಲೆಯ ಲೆಕ್ಕಕ್ಕೂ ವಾರ್ಡಿನ ಅಂದಾಜಿಗೂ ಇಷ್ಟು ಸಾಕು.

ಅದೇ ಕೈಯಲ್ಲಿ ಅಡುಗೆಮನೆಯ ಸಿಲಿಂಡರಿಗೆ ಬನ್ನಿ. 14.2 ಕಿಲೋಗ್ರಾಂ ಅನಿಲ, ಒಳಗಾತ್ರ 33.3 ಲೀಟರ್. ಅದರಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಅಂದಾಜಿಗೆ ಎಲ್ಲವೂ ಬ್ಯೂಟೇನ್ ಎಂದುಕೊಂಡು, ಅದರ ಒಂದು ಮೋಲ್‌ನ ಗ್ರಾಂ ತೂಕವಾದ 58ರಿಂದ ಭಾಗಿಸಿದರೆ 245 ಮೋಲ್. 300 ಕೆಲ್ವಿನ್‌ನಲ್ಲಿ ಆದರ್ಶ ಅನಿಲ ಸಮೀಕರಣ ಕೊಡುವ ಒತ್ತಡ 183 ಬಾರ್. ನಿಜವಾಗಿ ಅಲ್ಲಿರುವುದು ಹತ್ತು ಬಾರ್‌ಗಿಂತಲೂ ಕಡಿಮೆ. ಸಮೀಕರಣ ಸುಳ್ಳಲ್ಲ, ನಾವು ಹಚ್ಚಿದ ಜಾಗ ತಪ್ಪು. ಆಮ್ಲಜನಕವನ್ನು ಮೈನಸ್ 118 ಡಿಗ್ರಿಗಿಂತ ಕೆಳಗೆ ತಣಿಸದೆ ಎಷ್ಟು ಒತ್ತಿದರೂ ಅದು ದ್ರವವಾಗದು. ಪ್ರೊಪೇನ್, ಬ್ಯೂಟೇನ್‌ಗಳು ನಮ್ಮ ಅಡುಗೆಮನೆಯ ತಾಪಮಾನದಲ್ಲಿಯೇ ಒತ್ತಡಕ್ಕೆ ದ್ರವವಾಗುತ್ತವೆ. ಒಳಗಿನ ಬಹುಪಾಲು ದ್ರವ, ಅದರ ಮೇಲಿನ ಜಾಗದಲ್ಲಿ ಮಾತ್ರ ಅನಿಲ; ಒಲೆ ಉರಿದಷ್ಟೂ ದ್ರವ ಆವಿಯಾಗಿ ಒತ್ತಡವನ್ನು ಹೆಚ್ಚುಕಡಿಮೆ ಇದ್ದಲ್ಲಿಯೇ ನಿಲ್ಲಿಸುತ್ತದೆ. ಸಿಲಿಂಡರ್ ಅರ್ಧ ಖಾಲಿಯಾದರೂ, ಮುಕ್ಕಾಲು ಖಾಲಿಯಾದರೂ ಒತ್ತಡ ಅದನ್ನು ಹೇಳುವುದಿಲ್ಲ. ಗ್ಯಾಸ್ ತಂದುಕೊಡುವ ಹುಡುಗನಿಗೆ ಸಿಲಿಂಡರ್ ತುಂಬಿದೆಯೇ ಎಂದು ಕೇಳಿದರೆ ಅವನು ಮಾಪಕ ಜೋಡಿಸುವುದಿಲ್ಲ. ತೂಕದ ಕೊಕ್ಕೆಗೆ ಅದನ್ನು ನೇತುಹಾಕಿ, ಕುತ್ತಿಗೆಯ ಪಟ್ಟಿಯ ಮೇಲೆ ಬರೆದಿರುವ ಖಾಲಿ ತೂಕವನ್ನು ಕಳೆದು ತೋರಿಸುತ್ತಾನೆ.